ಕಟ್ಟುವ ಕೈಗೆ ನೆಲದ ಕಾಳಜಿ ಎಲ್ಲಿಂದ?

ಲಾರಿಗಟ್ಟಲೆ ಜಲ್ಲಿ, ಮರಳು, ಸಿಮೆಂಟು ಬಂದು ಬೀಳುವ ನೆಲದಲ್ಲಿ
ನೀರನ್ನೂ ಮಣ್ಣನ್ನೂ ಕಾಪಾಡಬೇಕೆಂಬ ಬುದ್ಧಿ
ಕಟ್ಟುವವನಿಗೆ ಎಲ್ಲಿಂದ ಬರುತ್ತದೆ?

ಬಸವಕಲ್ಯಾಣವನ್ನು ನೋಡಿರಿ.
2021ರ ಜನವರಿ 6ರಂದು ಶಂಕುಸ್ಥಾಪನೆಗೊಂಡು,
770 ಶರಣರ ಸ್ಮರಣೆಗಾಗಿ 770 ಕಂಬಗಳೊಡನೆ ಸಂಕಲ್ಪಿತವಾದ
ನೂತನ ಅನುಭವ ಮಂಟಪದ ಊರು ಅದು.

ಇಂಥ ಕಾಮಗಾರಿಯನ್ನು ಕಟ್ಟುವವನಿಗೆ ಕಾನೂನಿನ ಭಯವೇನೋ ಉಂಟು.
20,000 ಚದರ ಮೀಟರಿಗೂ ಮಿಗಿಲಾದ ಕಟ್ಟಡಗಳಿಗೆ
2006ರ ಕೇಂದ್ರ ಅಧಿಸೂಚನೆಯು ಪರಿಸರದ ಪೂರ್ವಾನುಮತಿಯನ್ನು ವಿಧಿಸಿತು.
ಅಗೆದ ಮಣ್ಣನ್ನು ಅಲ್ಲಿಯೇ ಬಳಸಿದರೆ ಲಾರಿಯ ಬಾಡಿಗೆ ಉಳಿಯುವ ಲಾಭವೂ ಉಂಟು.

ಆದರೆ, ಬಾರುಕೋಲಿಗೆ ಅಂಜಿ ನಡೆಯುವ ಎತ್ತು
ಕೋಲು ಇಳಿದೊಡನೆ ನಿಲ್ಲುತ್ತದೆ;
ಸಂಜೆ ಮನೆಯ ಹಾದಿ ಹಿಡಿದ ಎತ್ತಿಗೆ ಕೋಲೇ ಬೇಡ.

ನೆರೆಯ ಹುಮನಾಬಾದಿನ ಹೆದ್ದಾರಿಯ ಗುತ್ತಿಗೆದಾರನು
ಪರವೂರಿನವನಾಗಿರಬಹುದು;
ಕಾಮಗಾರಿಯ ಧೂಳು ಕೂರುವುದು ಮಾತ್ರ ಇಲ್ಲಿಯ ತೊಗರಿಯ ಮೇಲೆ.
ಆದುದರಿಂದಲೇ, ದಂಡಕ್ಕಿಂತಲೂ ಲಾಭಕ್ಕಿಂತಲೂ ಬಲವಾದ ಪ್ರೇರಣೆ,
ನನ್ನ ದೃಷ್ಟಿಯಲ್ಲಿ,
ಈ ನೆಲದಲ್ಲಿಯೇ ಬಾಳುವ ಜನರ ಎಚ್ಚತ್ತ ಕಣ್ಣು.

ಕಾಯಕದಲ್ಲಿ ಶುದ್ಧಿಯನ್ನು ಬಯಸಿದ ಶರಣರ ಕಲ್ಯಾಣಕ್ಕೆ ಬಂದಾಗ,
ತ್ರಿಪುರಾಂತಕ ಕೆರೆಯ ದಂಡೆಯಲ್ಲಿ ಕ್ಷಣಕಾಲ ನಿಲ್ಲಿರಿ.
ಯಾವುದೇ ದೊಡ್ಡ ಕಾಮಗಾರಿಯನ್ನು ಕಂಡಲ್ಲಿ,
ಅದರ ಕೊಳೆನೀರು ಎತ್ತ ಹರಿಯುವುದೆಂದು
ಅಲ್ಲಿಯ ಎಂಜಿನಿಯರರನ್ನು ದಯವಿಟ್ಟು ಕೇಳಿರಿ.