ವಿದಾಯದ ಹೊತ್ತಿಗೆ ಬಂದ ಒಳ್ಳೆಯ ಆಟಗಳು: ಪ್ಲೇಸ್ಟೇಷನ್ 2ರ ಕೊನೆಯ ಇನ್ನಿಂಗ್ಸ್

ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರದ ಆಯಸ್ಸು ಸಾಮಾನ್ಯವಾಗಿ ಆರೇಳು ವರ್ಷ. ಅಷ್ಟರಲ್ಲಿ ಕಂಪನಿ ಹೊಸ ಯಂತ್ರ ತರುತ್ತದೆ, ಹಳೆಯದು ಮೂಲೆ ಸೇರುತ್ತದೆ. ಆ ಹೊತ್ತಿಗೆ ಆಟಗಾರರ ನಡುವೆ ಒಂದು ಚರ್ಚೆ ತಪ್ಪದೆ ಶುರುವಾಗುತ್ತದೆ. ಹೊರಟು ನಿಂತ ಯಂತ್ರದಲ್ಲಿ ಬಂದ ಆಟಗಳ ಪೈಕಿ ಯಾವುದು ಅತ್ಯುತ್ತಮ? ಒಬ್ಬ ಹತ್ತು ಹೆಸರು ಹೇಳಿದರೆ ಇನ್ನೊಬ್ಬ ಅದರಲ್ಲಿ ಎಂಟನ್ನು ಹೊಡೆದುಹಾಕುತ್ತಾನೆ!

ಇದು ಹೊತ್ತು ಕಳೆಯುವವರ ಮಾತು ಅನ್ನಿಸಬಹುದು. ಆದರೆ ಈ ಪಟ್ಟಿಗಳಿಗೆ ಒಂದು ತೂಕವಿದೆ. ಯಂತ್ರ ಹೋದ ಮೇಲೆ ಯಾವ ಆಟ ಉಳಿಯಬೇಕು, ಯಾವುದು ಹೇಳಹೆಸರಿಲ್ಲದೆ ಹೋಗಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಜನರ ಈ ಮೆಚ್ಚುಗೆಯೇ. ಅದನ್ನು ತಿಳಿಯಲು ಸೋನಿ ಕಂಪನಿಯ ಪ್ಲೇಸ್ಟೇಷನ್ 2ಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸುಮಾರು 13 ವರ್ಷ ಬಾಳಿದ ಪೆಟ್ಟಿಗೆ

ಪ್ಲೇಸ್ಟೇಷನ್ 2 ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 2000ದ ಮಾರ್ಚ್ 4ರಂದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕಕ್ಕೆ ಬಂತು. ಆಟದ ಜೊತೆಗೆ ಡಿವಿಡಿ ಸಿನಿಮಾ ಕೂಡ ಅದರಲ್ಲಿ ಓಡುತ್ತಿತ್ತು. ಡಿವಿಡಿ ಪ್ಲೇಯರ್‌ಗಳು ದುಬಾರಿಯಾಗಿದ್ದ ಕಾಲವದು. ಹಾಗಾಗಿ ಆಟ ಆಡದ ಮನೆಯವರೂ ಅದನ್ನು ಕೊಂಡರು. ಮೊದಲ ಪ್ಲೇಸ್ಟೇಷನ್‌ನ ಹಳೆಯ ಡಿಸ್ಕ್‌ಗಳೂ ಅದರಲ್ಲಿ ನಡೆಯುತ್ತಿದ್ದುದು ಇನ್ನೊಂದು ಅನುಕೂಲ.

2006ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 3 ಬಂತು. ಇನ್ನು ಹಳೆಯದರ ಕಥೆ ಮುಗಿಯಿತು ಎಂದೇ ಎಲ್ಲರೂ ಭಾವಿಸಿದ್ದರು. ಆದರೆ ಹೊಸ ಯಂತ್ರದ ಬೆಲೆ ಅಮೆರಿಕದಲ್ಲಿ 499 ಮತ್ತು 599 ಡಾಲರ್, ಹಳೆಯದರದ್ದು ಬರೀ 129 ಡಾಲರ್! 2007ರಲ್ಲಿ ಭಾರತಕ್ಕೆ ಬಂದಾಗ ಪ್ಲೇಸ್ಟೇಷನ್ 3ರ ಬೆಲೆ 39,990 ರೂಪಾಯಿ ಇತ್ತು. ಕೊಳ್ಳುವವರು ಹಳೆಯದರ ಕಡೆಗೇ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ತಯಾರಿಕೆ ನಿಂತದ್ದು 2013ರ ಜನವರಿಯಲ್ಲಿ. ಅಷ್ಟರಲ್ಲಿ 15 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾಗಿದ್ದವು. ಇಷ್ಟು ಮಾರಾಟ ಕಂಡ ಟಿವಿ ಗೇಮ್ ಯಂತ್ರ ಬೇರೊಂದಿಲ್ಲ.

ಕೊನೆಗಾಲದಲ್ಲೇ ಏಕೆ ಒಳ್ಳೆಯ ಆಟ?

ಈ ಯಂತ್ರದ ಬಗ್ಗೆ ಅಭಿಮಾನಿಗಳು ಮಾಡುವ ಪಟ್ಟಿಗಳನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿರುವ ಹಲವು ಆಟಗಳು 2004ರ ನಂತರದವು. ಯಂತ್ರಕ್ಕೆ ವಯಸ್ಸಾದ ಮೇಲೆ ಒಳ್ಳೆಯ ಆಟಗಳು ಬಂದದ್ದು ಹೇಗೆ?

ಮೊದಲ ಕಾರಣ ಕಲಿಕೆ. ಪ್ಲೇಸ್ಟೇಷನ್ 2ರ ಒಳಗಿದ್ದ ಎಮೋಷನ್ ಎಂಜಿನ್ ಎಂಬ ಚಿಪ್ ಪಳಗಿಸಲು ಕಷ್ಟದ್ದು. ಮುಖ್ಯ ಮೆಮೊರಿ 32 ಎಂಬಿ, ಚಿತ್ರಗಳಿಗೆ ಮೀಸಲಾದದ್ದು 4 ಎಂಬಿ. ಇಂದಿನ ಅಗ್ಗದ ಮೊಬೈಲ್‌ಗೂ ಅದರ ನೂರು ಪಟ್ಟು ಇರುತ್ತದೆ. ಅಷ್ಟರಲ್ಲೇ ಕೆಲಸ ತೆಗೆಯುವ ಉಪಾಯಗಳು ತಯಾರಕರ ಕೈಗೆ ಹತ್ತಲು ನಾಲ್ಕೈದು ವರ್ಷ ಬೇಕಾದವು. ಹೊಸ ಹೊಲದ ಹದ ಒಂದೇ ಮಳೆಗಾಲದಲ್ಲಿ ತಿಳಿಯುವುದಿಲ್ಲವಲ್ಲ, ಹಾಗೆ.

ಎರಡನೆಯದು ಲೆಕ್ಕಾಚಾರ. ಯಂತ್ರ ಕೋಟಿಗಟ್ಟಲೆ ಮನೆಗಳಲ್ಲಿ ಇದ್ದಾಗ ಕೊಳ್ಳುವವರಿಗೆ ಕೊರತೆಯಿಲ್ಲ. ವಿಚಿತ್ರ ಕಲ್ಪನೆಯ ಆಟಕ್ಕೂ ನಾಲ್ಕು ಜನ ಗಿರಾಕಿ ಸಿಕ್ಕೇ ಸಿಗುತ್ತಾರೆ ಎಂಬ ಧೈರ್ಯ ತಯಾರಕರಿಗೆ ಬರುತ್ತದೆ.

2007ರ ಮಾರ್ಚ್‌ನಲ್ಲಿ ಬಂದ 'ಗಾಡ್ ಆಫ್ ವಾರ್ 2' ಇದಕ್ಕೆ ಸಾಕ್ಷಿ. ಅಂಗಡಿಯಲ್ಲಿ ಪ್ಲೇಸ್ಟೇಷನ್ 3 ಬಂದು ನಾಲ್ಕು ತಿಂಗಳಾಗಿತ್ತು. ಆದರೂ ಗ್ರೀಕ್ ಪುರಾಣದ ಈ ಕಾಳಗದ ಆಟವನ್ನು ಸೋನಿ ಹಳೆಯ ಯಂತ್ರಕ್ಕೇ ತಂದಿತು. ನೋಡಿದವರು ಇದು ಹೊಸ ಯಂತ್ರದ ಆಟವೇ ಇರಬೇಕು ಎಂದರು. ಶಾಲಾ ಹುಡುಗರ ನಿಗೂಢ ಕಥೆಯ 'ಪರ್ಸೋನಾ 4' ಜಪಾನಿನಲ್ಲಿ ಬಂದದ್ದು ಇನ್ನೂ ತಡವಾಗಿ, 2008ರ ಜುಲೈನಲ್ಲಿ.

ಮೂರು ತಕ್ಕಡಿ, ಮೂರು ಪಟ್ಟಿ

ಇನ್ನು ಜಗಳದ ವಿಷಯಕ್ಕೆ ಬರೋಣ. ಅತ್ಯುತ್ತಮ ಎಂದರೆ ಏನು? ಪಟ್ಟಿ ಮಾಡುವವರು ಒಂದೊಂದು ತಕ್ಕಡಿ ಹಿಡಿದಿರುತ್ತಾರೆ, ಅದನ್ನು ಹೇಳುವುದಿಲ್ಲ. ಜಗಳ ಹುಟ್ಟುವುದೇ ಅಲ್ಲಿ.

ಮೊದಲನೆಯದು ಮಾರಾಟದ ತಕ್ಕಡಿ. ಇಲ್ಲಿ ಗೆಲ್ಲುವುದು 2004ರ ಅಕ್ಟೋಬರ್‌ನ 'ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್'. ಪ್ಲೇಸ್ಟೇಷನ್ 2ರಲ್ಲೇ 1.7 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ವೇಗಾಸ್ ನಗರಗಳನ್ನು ಹೋಲುವ ಮೂರು ಊರುಗಳು, ನಡುವೆ ಹಳ್ಳಿ, ಕಾಡು, ಮರುಭೂಮಿ. ಎಲ್ಲಿ ಬೇಕಾದರೂ ತಿರುಗಬಹುದಾದ ಆ ವಿಸ್ತಾರವೇ ಅದರ ಆಕರ್ಷಣೆ. ಆದರೆ ಕೊಲೆ, ಸುಲಿಗೆ, ಹೊಲಸು ಮಾತು ತುಂಬಿರುವ ಆಟವದು, ವಯಸ್ಕರಿಗೆಂದೇ ಮಾಡಿದ್ದು. ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಮನೆಮಂದಿಯ ಮುಂದೆ ಆಡಬಹುದಾದದ್ದು ಬೇಕೆಂದರೆ ಕಾರ್ ಓಟದ 'ಗ್ರ್ಯಾನ್ ಟುರಿಸ್ಮೊ' ಸರಣಿ ಇದೆ. 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಂದ ಅದರ ನಾಲ್ಕನೇ ಭಾಗದಲ್ಲಿ 700ಕ್ಕೂ ಹೆಚ್ಚು ಕಾರುಗಳಿದ್ದವು.

ಎರಡನೆಯದು ಕಸುಬಿನ ತಕ್ಕಡಿ. ವಿಮರ್ಶಕರು ಹಿಡಿಯುವುದು ಇದನ್ನೇ. ಇವರ ಬಾಯಲ್ಲಿ ಮೊದಲು ಬರುವ ಹೆಸರು 2005ರ 'ಶ್ಯಾಡೋ ಆಫ್ ದ ಕೊಲೋಸಸ್'. ಜಪಾನಿನ ಫುಮಿಟೊ ಉಎಡ ಅವರ ತಂಡ ಮಾಡಿದ್ದು. ಸತ್ತ ಹುಡುಗಿಯೊಬ್ಬಳನ್ನು ಬದುಕಿಸಲು ಒಬ್ಬ ಯುವಕ ಕುದುರೆ ಏರಿ ಹೊರಡುತ್ತಾನೆ. ಗುಡ್ಡದಂಥ 16 ದೈತ್ಯರನ್ನು ಕೊಲ್ಲಬೇಕು. ಬೇರೆ ವೈರಿಗಳಿಲ್ಲ, ಊರಿಲ್ಲ, ಜನರಿಲ್ಲ. ಅವನ ಪಾಡಿಗೆ ಇದ್ದ ದೈತ್ಯನೊಬ್ಬ ನೆಲಕ್ಕುರುಳಿದಾಗ ಗೆದ್ದ ಖುಷಿಗಿಂತ ಹೆಚ್ಚಾಗಿ 'ಇವನನ್ನು ಏಕೆ ಕೊಂದೆ' ಎಂಬ ಸಂಕಟ ಆಟಗಾರನನ್ನು ಕಾಡುತ್ತದೆ. ಯಂತ್ರದ ಶಕ್ತಿ ಮೀರಿ ಮಾಡಿದ್ದರಿಂದ ಚಿತ್ರ ಅಲ್ಲಲ್ಲಿ ಎಳೆಯುತ್ತಿತ್ತು. ಆದರೂ ಮೆಚ್ಚಿದವರು ಅದನ್ನು ಮನ್ನಿಸಿದರು.

ಇದೇ ಸಾಲಿನಲ್ಲಿ ನಿಲ್ಲುವುದು 2006ರ 'ಓಕಾಮಿ'. ಜಪಾನಿನ ಸೂರ್ಯದೇವತೆ ಅಮತೆರಾಸು ಬಿಳಿ ತೋಳದ ರೂಪ ತಾಳಿ ಒಣಗಿದ ನಾಡಿಗೆ ಜೀವ ತುಂಬುವ ಕಥೆ. ಆಟಗಾರ ಕುಂಚ ಹಿಡಿದು ಪರದೆಯ ಮೇಲೆ ಗೆರೆ ಎಳೆದರೆ ಸೇತುವೆ ಕೂಡುತ್ತದೆ, ಗಾಳಿ ಬೀಸುತ್ತದೆ. ನಿಜದಂತೆ ಕಾಣುವ ಚಿತ್ರಗಳನ್ನು ಮಾಡಬೇಕೆಂದು ತಂಡ ಮೊದಲು ಹೊರಟಿತ್ತು, ಅದು ಈ ಯಂತ್ರಕ್ಕೆ ಭಾರವಾಯಿತು. ಆಗ ಶಾಯಿ ಚಿತ್ರಕಲೆಯ ಶೈಲಿ ಹಿಡಿದರು. ಯಂತ್ರದ ಕೊರತೆಯೇ ಆಟದ ಅಂದಕ್ಕೆ ದಾರಿಯಾಯಿತು! ಹೊಗಳಿಕೆ ಬಂತು, ಮಾರಾಟ ಮಾತ್ರ ಕುಂಟಿತು. ಅದನ್ನು ಮಾಡಿದ ಕ್ಲೋವರ್ ಸ್ಟುಡಿಯೋ 2007ರಲ್ಲಿ ಬಾಗಿಲು ಮುಚ್ಚಿತು.

ಮೂರನೆಯದು ಮನೆಯ ತಕ್ಕಡಿ. ಯಾವ ಡಿಸ್ಕ್ ಯಂತ್ರದಿಂದ ಹೊರಗೇ ಬರಲಿಲ್ಲ ಎಂಬುದೇ ಇದರ ಅಳತೆ. ಇಬ್ಬರು ಅಕ್ಕಪಕ್ಕ ಕೂತು ಆಡುವ ಆಟಗಳಿಗೆ ಇಲ್ಲಿ ಮಣೆ. ಫುಟ್‌ಬಾಲ್ ಪ್ರಿಯರು 'ಪ್ರೊ ಎವಲ್ಯೂಷನ್ ಸಾಕರ್' ಅಂದರೆ, ಭಾರತದವರು ತಟ್ಟನೆ ಹೇಳುವುದು ಇಎ ಸ್ಪೋರ್ಟ್ಸ್‌ನ 'ಕ್ರಿಕೆಟ್ 07'. 2006ರ ನವೆಂಬರ್‌ನಲ್ಲಿ ಬಂದ ಈ ಆಟ ಮಾಡಿದ್ದು ಕೆನಡಾದ ಎಚ್‌ಬಿ ಸ್ಟುಡಿಯೋಸ್. ಒಂದು ಕಡ್ಡಿಯಿಂದ ಕಾಲು ಸರಿಸಿ ಇನ್ನೊಂದರಿಂದ ಹೊಡೆತ ಬೀಸುವ ಬ್ಯಾಟಿಂಗ್ ವಿಧಾನ ಎಲ್ಲರಿಗೂ ಹಿಡಿಸಿತು. ಹಕ್ಕಿನ ಒಪ್ಪಂದ ಇಲ್ಲದ ಕಾರಣ ಭಾರತ ತಂಡದ ಆಟಗಾರರ ನಿಜ ಹೆಸರುಗಳು ಅದರಲ್ಲಿ ಇರಲಿಲ್ಲ. ವಿಮರ್ಶಕರ ಜಾಗತಿಕ ಪಟ್ಟಿಗಳಲ್ಲಿ ಇದನ್ನು ಹುಡುಕಿದರೂ ಸಿಗುವುದು ಕಷ್ಟ. ಹಾಗೆಂದು ಇದನ್ನು ಆಡಿ ಬೆಳೆದವರ ಮಾತು ಸುಳ್ಳಾದೀತೇ?

ಪಟ್ಟಿಗೆ ಬಾರದ ನಮ್ಮ ನೆಲದ ಆಟಗಳು

ಯಂತ್ರ ಹೊರಡುವ ಹೊತ್ತಿಗೆ ಭಾರತದಲ್ಲಿ ಇನ್ನೊಂದು ಬೆಳವಣಿಗೆ ನಡೆಯಿತು. ಇಲ್ಲಿ ಪ್ಲೇಸ್ಟೇಷನ್ 2 ಇನ್ನೂ ಮಾರಾಟವಾಗುತ್ತಿದ್ದುದರಿಂದ ಇಲ್ಲಿಯ ಜನರಿಗೆಂದೇ ಆಟ ಮಾಡಿಸಲು ಸೋನಿ ಮುಂದಾಯಿತು. 2009ರಲ್ಲಿ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ 'ಹನುಮಾನ್: ಬಾಯ್ ವಾರಿಯರ್' ತಂದಿತು. ಅದೇ ವರ್ಷ ಹೈದರಾಬಾದಿನದೇ ಗೇಮ್‌ಶಾಸ್ತ್ರ ಸಂಸ್ಥೆ 'ದೇಸಿ ಅಡ್ಡಾ' ಮಾಡಿತು. 2010ರಲ್ಲಿ ಗಲ್ಲಿ ಕ್ರಿಕೆಟ್‌ನ 'ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್' ಬಂತು.

'ದೇಸಿ ಅಡ್ಡಾ'ದಲ್ಲಿ ಇದ್ದದ್ದು ಕಬಡ್ಡಿ, ಗಾಳಿಪಟ, ಚಿನ್ನಿದಾಂಡು! ಜತ್ತ, ಅಕ್ಕಲಕೋಟೆಯ ಕಡೆ ಮರಾಠಿಯಲ್ಲಿ ವಿಟಿದಾಂಡು, ಕಾಸರಗೋಡಿನಲ್ಲಿ ಮಲಯಾಳದವರ ಬಾಯಲ್ಲಿ ಕುಟ್ಟಿಯುಂ ಕೋಲುಂ, ತಾಳವಾಡಿಯ ತಮಿಳರಿಗೆ ಕಿಟ್ಟಿಪ್ಪುಳ್, ಮಡಕಶಿರಾದ ತೆಲುಗರಿಗೆ ಗೋಟಿಬಿಳ್ಳ. ಗಡಿ ಊರಿನ ಮಕ್ಕಳು ಎರಡು ಹೆಸರಿನಲ್ಲಿ ಆಡುವ ಆಟವೊಂದು ಜಪಾನಿ ಯಂತ್ರದೊಳಗೆ ಹೊಕ್ಕದ್ದು ಸಣ್ಣ ಮಾತೇನಲ್ಲ.

ನಿಜ ಹೇಳಬೇಕೆಂದರೆ, ಮಾಡಿದ ಕೆಲಸದ ಅಂದ ನೋಡಿದರೆ ಇವು 'ಓಕಾಮಿ'ಯ ಹತ್ತಿರವೂ ಸುಳಿಯುವುದಿಲ್ಲ. ಹನುಮಂತನ ಆಟವನ್ನು ವಿಮರ್ಶಕರು ಮೆಚ್ಚಲಿಲ್ಲ. ಮೊದಲ ಬಾರಿಗೆ ಕೈ ಹಾಕಿದವರ ತೊದಲು ಅದರಲ್ಲಿತ್ತು. ಹೀಗಾಗಿ ಯಾವ ಪಟ್ಟಿಗೂ ಇವು ಏರಲಿಲ್ಲ.

ಹೊಗಳಿಸಿಕೊಂಡವು ಉಳಿದವು

ಪಟ್ಟಿಗೆ ಏರದಿದ್ದರೆ ನಷ್ಟವೇನು? ಮುಂದೆ ಏನಾಯಿತು ನೋಡಿ. 'ಶ್ಯಾಡೋ ಆಫ್ ದ ಕೊಲೋಸಸ್' 2011ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂತು, 2018ರಲ್ಲಿ ಪ್ಲೇಸ್ಟೇಷನ್ 4ಕ್ಕಾಗಿ ಪೂರ್ತಿ ಹೊಸದಾಗಿ ಕಟ್ಟಲಾಯಿತು. ಮಾರಾಟದಲ್ಲಿ ಸೋತ 'ಓಕಾಮಿ' ಅಭಿಮಾನಿಗಳ ಬಾಯಿಮಾತಿನ ಬಲದಿಂದಲೇ ಯಂತ್ರದಿಂದ ಯಂತ್ರಕ್ಕೆ ದಾಟಿತು. 2024ರ ಡಿಸೆಂಬರ್‌ನಲ್ಲಿ ಅದರ ಮುಂದುವರಿದ ಭಾಗ ಮಾಡುವುದಾಗಿ ಘೋಷಣೆ ಕೂಡ ಆಯಿತು. 'ಕ್ರಿಕೆಟ್ 07'ರ ಕಂಪ್ಯೂಟರ್ ಆವೃತ್ತಿಗೆ ಅಭಿಮಾನಿಗಳೇ ಹೊಸ ತಂಡ, ನಿಜ ಹೆಸರು, ಹೊಸ ಜೆರ್ಸಿ ಸೇರಿಸುತ್ತಾ ವರ್ಷಗಟ್ಟಲೆ ಜೀವ ಹಿಡಿದಿಟ್ಟರು. ಯಾರೂ ಕೇಳದ ಆಟಗಳಿಗೆ ಈ ಭಾಗ್ಯ ಇಲ್ಲ. ಅವು ಇರುವುದು ಹಳೆಯ ಡಿಸ್ಕ್‌ನಲ್ಲಿ ಮಾತ್ರ.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳ ಪೈಕಿ ಶೇ. 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ ಎಂದು ಅದು ತಿಳಿಸಿತು. ಪ್ಲೇಸ್ಟೇಷನ್ 2 ಕೂಡ ಆ ಅಧ್ಯಯನದಲ್ಲಿ ಇತ್ತು.

ಪುಸ್ತಕವಾದರೆ ಮನೆಯ ಅಟ್ಟದಲ್ಲಿದ್ದರೂ ನೂರು ವರ್ಷ ಓದಬಹುದು. ಆಟಕ್ಕೆ ಡಿಸ್ಕ್ ಬೇಕು, ಅದನ್ನು ಓದುವ ಯಂತ್ರವೂ ಬೇಕು. ಜಪಾನಿನಲ್ಲಿ ಪ್ಲೇಸ್ಟೇಷನ್ 2ರ ರಿಪೇರಿ ಸೇವೆಯನ್ನು ಸೋನಿ 2018ರ ಆಗಸ್ಟ್ 31ಕ್ಕೆ ನಿಲ್ಲಿಸಿತು.

ಹಳೆಯ ಯಂತ್ರ ಮನೆಯಲ್ಲಿದ್ದರೆ

ಹಳೆಯ ಪ್ಲೇಸ್ಟೇಷನ್ 2 ಇಟ್ಟುಕೊಂಡವರು, ಕೊಳ್ಳಬೇಕೆಂದವರು ಕೆಲವು ಸಂಗತಿ ಗಮನಿಸಬೇಕು. ಡಿಸ್ಕ್‌ಗಳಿಗೆ ಪ್ರದೇಶದ ಬೀಗ ಇದೆ. ಅಮೆರಿಕ ಅಥವಾ ಜಪಾನಿನ ಡಿಸ್ಕ್ ಭಾರತದಲ್ಲಿ ಮಾರಿದ ಯಂತ್ರದಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ಯಂತ್ರ ಕೊಳ್ಳುವ ಮುನ್ನ ಒಂದು ಡಿಸ್ಕ್ ಹಾಕಿಸಿ ನೋಡುವುದು ಒಳ್ಳೆಯದು, ಮೊದಲು ಸೋಲುವುದು ಡಿಸ್ಕ್ ಓದುವ ಲೇಸರ್ ಕಣ್ಣು. ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೀರಿ ಎಂಬುದು ಉಳಿಯುವುದು 8 ಎಂಬಿಯ ಪುಟ್ಟ ಮೆಮೊರಿ ಕಾರ್ಡ್‌ನಲ್ಲಿ. ಅದನ್ನು ಯಂತ್ರದಷ್ಟೇ ಜೋಪಾನ ಮಾಡಬೇಕು. ಡಿಸ್ಕ್ ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಉಜ್ಜಬಾರದು.

ಇಂದು ಹೆಚ್ಚಿನ ಆಟಗಳು ಡಿಸ್ಕ್ ಇಲ್ಲದೆ ಇಂಟರ್‌ನೆಟ್‌ನಿಂದಲೇ ಇಳಿಯುತ್ತವೆ. ಕಂಪನಿ ತನ್ನ ಅಂಗಡಿ ಮುಚ್ಚಿದರೆ ಆ ಆಟ ಹೊಸದಾಗಿ ಕೊಳ್ಳಲು ಸಿಗುವುದಿಲ್ಲ. 2021ರ ಮಾರ್ಚ್‌ನಲ್ಲಿ ಸೋನಿ ಪ್ಲೇಸ್ಟೇಷನ್ 3ರ ಆನ್‌ಲೈನ್ ಅಂಗಡಿ ಮುಚ್ಚುವುದಾಗಿ ಹೇಳಿತ್ತು. ಆಟಗಾರರು ಗಲಾಟೆ ಎಬ್ಬಿಸಿದ ಮೇಲೆ ಮುಂದಿನ ತಿಂಗಳೇ ನಿರ್ಧಾರ ಹಿಂದಕ್ಕೆ ಪಡೆಯಿತು. ಬೇಕು ಎನ್ನುವವರ ದನಿಗೆ ಬೆಲೆ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾಗಿ ಯಾವ ಆಟ ಅತ್ಯುತ್ತಮ ಎಂದು ಯಾರಾದರೂ ಕೇಳಿದರೆ ವಿಮರ್ಶಕರ ಹತ್ತು ಹೆಸರು ಒಪ್ಪಿಸಿ ಸುಮ್ಮನಾಗಬೇಕಿಲ್ಲ. ಅಣ್ಣ ತಮ್ಮ ಕಿತ್ತಾಡಿಕೊಂಡು ಆಡಿದ 'ಕ್ರಿಕೆಟ್ 07' ಆಗಲಿ, ಚಿನ್ನಿದಾಂಡಿನ 'ದೇಸಿ ಅಡ್ಡಾ' ಆಗಲಿ, ಇಷ್ಟವಾದದ್ದರ ಹೆಸರನ್ನು ಗಟ್ಟಿಯಾಗಿ ಹೇಳುವುದೇ ಸರಿ.