ಮುಳುಗಲು ಕಾದಿರುವ ಬೆಂಡು

ಅಮೆರಿಕದ ಕೆರೆಗಳಲ್ಲಿ ಸಿಗುವ ಬ್ಲೂಗಿಲ್, ಕ್ರಾಪಿ, ಪರ್ಚ್‌ಗಳಂಥ ಅಂಗೈಯಗಲದ ಮೀನುಗಳಿಗೆ ಒಟ್ಟಾರೆ ಹೆಸರು ಪ್ಯಾನ್‌ಫಿಶ್. ಇಡೀ ಮೀನು ಬಾಣಲೆಯಲ್ಲಿ ಹಿಡಿಸುತ್ತದೆ, ಅದಕ್ಕೇ ಆ ಹೆಸರು. ಅವುಗಳಿಗೆ ಹಾಕುವ ಗಾಳವೂ ಅಷ್ಟೇ ಸರಳ: ದಾರಕ್ಕೊಂದು ಬೆಂಡು, ಅದರಿಂದ ಮೊಳ ಎರಡು ಮೊಳ ಕೆಳಗೆ ಒಂದು ಜಿಗ್. ಜಿಗ್ ಎಂದರೆ ಕತ್ತಿನ ಬಳಿ ಲೋಹದ ಪುಟ್ಟ ಗುಂಡು ಎರಕ ಹೊಯ್ದ ಕೊಕ್ಕೆ. ಅದಕ್ಕೆ ಚೂರು ಪುಕ್ಕ ಕಟ್ಟಿದರೆ ನೀರುಹುಳುವಿನಂತೆ ಕಾಣುತ್ತದೆ. ಮೀನು ಸಿಗದಿದ್ದಾಗ ಜನ ಜಿಗ್ಗಿನ ಬಣ್ಣ ಬದಲಿಸುತ್ತಾ ಕೂರುತ್ತಾರೆ. ಬದಲಿಸಬೇಕಾದ್ದು ಹೆಚ್ಚಿನ ಸಲ ಬೆಂಡನ್ನು.

ಬ್ಲೂಗಿಲ್ ತಿನಿಸನ್ನು ಕಚ್ಚುವುದಕ್ಕಿಂತ ಹೀರುವುದೇ ಹೆಚ್ಚು. ಬಾಯಿಯನ್ನು ಥಟ್ಟನೆ ಹಿಗ್ಗಿಸಿದಾಗ ನೀರು ಒಳನುಗ್ಗುತ್ತದೆ, ಅದರೊಂದಿಗೆ ಹುಳುವೂ. ಬಾಯಿ ಚಿಕ್ಕದು, ಬಾಯಿಯಗಲದಷ್ಟು ದೂರ ದಾಟಿದರೆ ಆ ಸೆಳೆತ ಉಳಿಯುವುದೇ ಇಲ್ಲ. ಈಗ ಒಂದು ಲೆಕ್ಕ ಹಾಕೋಣ. ಕೆಂಪು-ಬಿಳಿ ಬಣ್ಣದ ಪ್ಲಾಸ್ಟಿಕ್ ಗುಂಡುಬೆಂಡು 2.5 ಸೆಂ.ಮೀ. ಅಡ್ಡಗಲದ್ದಾದರೆ, ಪೂರ್ತಿ ಮುಳುಗುವಾಗ ಸುಮಾರು 8 ಗ್ರಾಂ ನೀರನ್ನು ಸರಿಸಬೇಕು. ಕೆಳಗಿರುವ ಜಿಗ್ ಔನ್ಸಿನ 32ನೇ ಒಂದು ಪಾಲು, ಅಂದರೆ 0.9 ಗ್ರಾಂ. ಬೆಂಡಿನ ಸ್ವಂತ ತೂಕ 2 ಗ್ರಾಂ ಎಂದಿಟ್ಟುಕೊಂಡರೂ ಉಳಿದ 5 ಗ್ರಾಂಗೆ ಸಮನಾದ ಎಳೆತ ಮೀನಿನ ಪಾಲಿಗೆ. ಮೀನಿಗೆ ಅದೇನೂ ಹೊರಲಾರದ ಹೊರೆಯಲ್ಲ. ಅನುಮಾನ ಹುಟ್ಟಿಸಲು ಮಾತ್ರ ಧಾರಾಳವಾಯಿತು. ಹೀರಿದ್ದನ್ನು ಉಗಿದುಬಿಡುತ್ತದೆ. ಅದೇ 6 ಮಿ.ಮೀ. ದಪ್ಪದ, 5 ಸೆಂ.ಮೀ. ಉದ್ದದ ಕಡ್ಡಿಬೆಂಡು ಸರಿಸುವುದು ಸುಮಾರು 1.4 ಗ್ರಾಂ ನೀರನ್ನಷ್ಟೇ. ಅದೇ ಜಿಗ್ ತೂಗಿದರೆ ತುದಿ ಮಾತ್ರ ನೀರ ಮೇಲೆ ಇಣುಕುತ್ತದೆ. ಮೀನು ಉಸಿರೆಳೆದರೂ ಸಾಕು, ಅದೂ ಕಾಣೆ. ಮೀನು ಜಿಗ್ಗನ್ನು ಮೇಲಕ್ಕೆತ್ತಿದರೆ ಬೆಂಡು ಅಡ್ಡಬೀಳುತ್ತದೆ. ಗುಂಡುಬೆಂಡಿನಲ್ಲಿ ಈ ಸುಳಿವು ಕಾಣುವುದೇ ಕಷ್ಟ. ನವಿಲುಗರಿಯ ದಂಟನ್ನು ಬೆಂಡು ಮಾಡಿಕೊಂಡ ಇಂಗ್ಲೆಂಡಿನ ಹಳೆಯ ಗಾಳಗಾರರು ಈ ಲೆಕ್ಕವನ್ನು ಕೈಯಲ್ಲೇ ಅರಿತಿದ್ದರು.

ಹಾಗಾದರೆ ಬೆಂಡೇ ಬೇಡ, ಬರೀ ಜಿಗ್ ಸಾಕಲ್ಲ ಎನ್ನಬಹುದು. ಕ್ರಾಪಿಯ ವಿಷಯದಲ್ಲಿ ಈ ವಾದ ಸೋಲುತ್ತದೆ. ಅದು ತನಗಿಂತ ಮೇಲಿರುವ ತಿನಿಸಿನ ಮೇಲೆ ಕಣ್ಣಿಡುವ ಮೀನು. ತನ್ನ ಮಟ್ಟ ದಾಟಿ ಇಳಿದುಹೋದ ಜಿಗ್ಗನ್ನು ಬೆನ್ನಟ್ಟುವುದು ಅಪರೂಪ. ಜಿಗ್ಗನ್ನು ಅದರ ತಲೆಯ ಮೇಲೆ ತೂಗುಹಾಕಿ ನಿಲ್ಲಿಸಲು ಬೆಂಡೇ ಬೇಕು. ಹಗುರ ಬೆಂಡನ್ನು ದೂರ ಎಸೆಯಲಾಗದು ಎಂಬ ಇನ್ನೊಂದು ಆಕ್ಷೇಪ ಮಾತ್ರ ನ್ಯಾಯವಾದದ್ದು, ಗಾಳಿಯ ದಿನವಂತೂ. ಅದಕ್ಕೆ ದೊಡ್ಡ ಬೆಂಡು ಉತ್ತರವಲ್ಲ. ಹೊಟ್ಟೆಯಲ್ಲೇ ಭಾರ ತುಂಬಿದ ಬೆಂಡು ಉತ್ತರ. ಎಸೆಯಲು ತೂಕವಿರುತ್ತದೆ, ತೇಲುವ ಹಟವಿರುವುದಿಲ್ಲ. ಆಳದ ನೀರಿಗೆ, ದಾರದಲ್ಲಿ ಜಾರಿ ಗಂಟಿನ ಬಳಿ ನಿಲ್ಲುವ ಬೆಂಡು ಇದೆ.

ಇದೇ ಲೆಕ್ಕಕ್ಕೆ ಹಕ್ಕಿಯೊಂದರಿಂದ ಹೊಸ ತಿರುವು ಬಂದಿದೆ. ಲೂನ್ ಎಂಬ ನೀರುಹಕ್ಕಿ ಸೀಸದ ಜಿಗ್ ನುಂಗಿ ಸಾಯುತ್ತದೆಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯ ಒಂದು ಔನ್ಸ್ ಹಾಗೂ ಅದಕ್ಕಿಂತ ಕಡಿಮೆ ತೂಕದ ಸೀಸದ ಜಿಗ್ಗುಗಳನ್ನು ನಿಷೇಧಿಸಿದೆ. ಬದಲಿಗೆ ಬಂದ ಟಂಗ್‌ಸ್ಟನ್ ಸೀಸಕ್ಕಿಂತ ಬಹಳ ಸಾಂದ್ರ. ಅಷ್ಟೇ ತೂಕದ ಗುಂಡು ಇನ್ನೂ ಸಣ್ಣದಾಗಿ, ಬ್ಲೂಗಿಲ್ಲಿನ ಬಾಯಿಗೆ ಸಲೀಸಾಗಿ ಹೋಗುತ್ತದೆ. ಬೆಲೆ ಮಾತ್ರ ಹೆಚ್ಚು.