ಅಂದು ಬರೆದ ಸಿ.ಡಿ. ಇಂದು ಓದೀತೇ?

ಕಳೆದ ದೀಪಾವಳಿಗೆ ಮನೆ ಶುಚಿಗೊಳಿಸುವಾಗ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿಯಿಂದ ಸಿ.ಡಿ.ಯೊಂದು ಹೊರಬಂತು. ಅದರ ಮೇಲೆ ಅಂಟಿಸಿದ್ದ ದುಂಡನೆಯ ಕಾಗದದಲ್ಲಿ ‘ಅಜ್ಜಿಯ ಸೋಬಾನೆ, 2005’ ಎಂದು ನಾನೇ ಮುದ್ರಿಸಿದ್ದ ಅಕ್ಷರಗಳಿದ್ದವು. ಅಮ್ಮನ ತಾಯಿ ಹಾಡಿದ 17 ಹಾಡುಗಳವು. ಕ್ಯಾಸೆಟ್ಟುಗಳಿಂದ ಗಣಕಕ್ಕೆ, ಗಣಕದಿಂದ ಸಿ.ಡಿ.ಗೆ ಅವನ್ನು ಸಾಗಿಸಿದ ಮೇಲೆ, ಇನ್ನು ಚಿಂತೆಯಿಲ್ಲವೆಂದು ಕ್ಯಾಸೆಟ್ಟುಗಳನ್ನು ಎಸೆದಿದ್ದೆವು. ಹಾಡಿದ ಅಜ್ಜಿ ಈಗಿಲ್ಲ. ಎರಡು ದಶಕಗಳ ಬಳಿಕ ಆ ಸಿ.ಡಿ.ಯನ್ನು ಡ್ರೈವಿಗೆ ಹಾಕಿದಾಗ 13 ಹಾಡುಗಳು ಕೇಳಿಸಿದವು. ಹದಿನಾಲ್ಕನೆಯದಕ್ಕೆ ಬರುತ್ತಿದ್ದಂತೆ ಡ್ರೈವ್ ಗೊರಗೊರ ಸದ್ದು ಮಾಡಿ ಸುಮ್ಮನಾಯಿತು.

ಮದುವೆಯ ಡಿ.ವಿ.ಡಿ., ಇಡೀ ರಾತ್ರಿಯ ಯಕ್ಷಗಾನದ ಧ್ವನಿಮುದ್ರಣ, ಸಂಶೋಧನ ಪ್ರಬಂಧದ ಕರಡು, ಸಣ್ಣ ಸಂಘಸಂಸ್ಥೆಗಳ ದಾಖಲೆ ಹೀಗೆ ಆ ದಶಕದಲ್ಲಿ ಎಷ್ಟೋ ಸಂಗತಿಗಳು ಈ ಹೊಳೆಯುವ ತಟ್ಟೆಗಳನ್ನೇ ನಂಬಿ ಕುಳಿತವು. ಅಂದು ನಮ್ಮ ತಲೆನೋವೆಲ್ಲ ಸಿ.ಡಿ. ಬರೆಯುವಾಗ ಕೆಡುತ್ತದಲ್ಲ ಎಂಬುದಾಗಿತ್ತು. ಕೆಡದೆ ಮುಗಿದದ್ದು ಎಷ್ಟು ಕಾಲ ಉಳಿದೀತು ಎಂದು ಕೇಳಿದವರು ವಿರಳ. ವಾಸ್ತವದಲ್ಲಿ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳು.

ಸಿ.ಡಿ.ಯನ್ನು ‘ಬರ್ನ್’ ಮಾಡುವುದು ಎಂಬ ಮಾತು ಅಲಂಕಾರವೇನಲ್ಲ. ಕಾರ್ಖಾನೆಯಲ್ಲಿ ತಯಾರಾದ ಹಾಡಿನ ಸಿ.ಡಿ.ಯಲ್ಲಿ ಮಾಹಿತಿಯು ಪ್ಲಾಸ್ಟಿಕ್ಕಿನ ಮೇಲೆ ಅಚ್ಚೊತ್ತಿದ ಕುಳಿಗಳ ರೂಪದಲ್ಲಿರುತ್ತದೆ. ನಾವು ಮನೆಯಲ್ಲಿ ಬರೆಯುವ ಸಿ.ಡಿ.ಯಲ್ಲಿ ಕುಳಿಗಳಿಲ್ಲ, ಸಾವಯವ ಬಣ್ಣದ ತೆಳುಪದರವಿದೆ. ಜಪಾನಿನ ತೈಯೋ ಯುಡೆನ್ ಸಂಸ್ಥೆ 1988ರಲ್ಲಿ ರೂಪಿಸಿದ ವಿಧಾನವಿದು. 780 ನ್ಯಾನೊಮೀಟರ್ ತರಂಗಾಂತರದ ಲೇಸರ್ ಕಿರಣ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬಟ್ಟೆಯ ಬಣ್ಣ ಬಿಸಿಲಿಗೆ ಮಾಸುವಂತೆ ಈ ಬಣ್ಣವೂ ಬೆಳಕು, ಸೆಕೆ, ತೇವಗಳಿಗೆ ಮಾಸುತ್ತದೆ.

ಬರವಣಿಗೆಯ ಕಷ್ಟಗಳು ಆ ಕಾಲದವರಿಗೆ ಚೆನ್ನಾಗಿ ಗೊತ್ತು. ಸಾಮಾನ್ಯ ವೇಗದಲ್ಲಿ ಸಿ.ಡಿ.ಗೆ ಸೆಕೆಂಡಿಗೆ 150 ಕಿಲೋಬೈಟ್ ಮಾಹಿತಿ ಬೇಕು, ಎಂಟು ಪಟ್ಟು ವೇಗಕ್ಕೆ 1,200. ಲೇಸರ್ ಒಮ್ಮೆ ಹೊರಟಿತೆಂದರೆ ನಡುವೆ ನಿಲ್ಲುವಂತಿರಲಿಲ್ಲ. ಹಾರ್ಡ್ ಡಿಸ್ಕ್ ಒಂದು ಕ್ಷಣ ತಡವರಿಸಿದರೂ, ವೈರಸ್ ನಿರೋಧಕ ತಂತ್ರಾಂಶ ಅದೇ ಹೊತ್ತಿಗೆ ಎಚ್ಚೆತ್ತರೂ ‘ಬಫರ್’ ಬರಿದಾಗಿ ಸಿ.ಡಿ. ಹಾಳಾಗುತ್ತಿತ್ತು. ಹಾಗೆ ಹಾಳಾದವು ಹೊಲದಲ್ಲಿ ಹಕ್ಕಿ ಬೆದರಿಸಲು, ಬಾಲ್ಕನಿಯಲ್ಲಿ ಪಾರಿವಾಳ ಓಡಿಸಲು ನೇತಾಡಿದವು. 2000ದಲ್ಲಿ ಸ್ಯಾನ್ಯೊ ಸಂಸ್ಥೆಯು ಬರೆಯುವುದನ್ನು ನಿಲ್ಲಿಸಿ, ಬಿಟ್ಟಲ್ಲಿಂದಲೇ ಮುಂದುವರಿಸುವ ತಂತ್ರ ತಂದ ಬಳಿಕ ಈ ಪೀಡೆ ಬಹುಪಾಲು ಕಳೆಯಿತು. ಅಂದಿನ ಜನಪ್ರಿಯ ತಂತ್ರಾಂಶದ ಹೆಸರು ‘ನೀರೋ ಬರ್ನಿಂಗ್ ರಾಮ್’. ರೋಮ್ ಉರಿಯುತ್ತಿದ್ದಾಗ ಪಿಟೀಲು ಬಾರಿಸಿದವನೆಂದು ನಾವು ಪದೇ ಪದೇ ಉದಾಹರಿಸುವ ದೊರೆಯ ಹೆಸರನ್ನು ಇಷ್ಟು ತುಂಟತನದಿಂದ ಬಳಸಿದ ತಂತ್ರಾಂಶ ಇನ್ನೊಂದಿರಲಾರದು.

ವಿಂಡೋಸ್ ಎಕ್ಸ್‌ಪಿಯದು ಬೇರೆಯೇ ರಗಳೆ. ಗೀರು ಬಿದ್ದ ಸಿ.ಡಿ. ಓದುವಾಗ ಆರು ಬಾರಿ ದೋಷ ಕಂಡರೆ, ಅದು ಡ್ರೈವಿನೊಂದಿಗಿನ ಸಂಪರ್ಕವನ್ನು ವೇಗದ ‘ಡಿಎಂಎ’ಯಿಂದ ನಿಧಾನದ ‘ಪಿಐಒ’ಗೆ ಇಳಿಸಿಬಿಡುತ್ತಿತ್ತು, ಮರಳಿ ತಾನಾಗಿ ಏರಿಸುತ್ತಿರಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯತೊಡಗಿದಾಗ ಜನ ಡ್ರೈವನ್ನೇ ಬದಲಿಸುತ್ತಿದ್ದರು. ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲನ್ನು ಅಳಿಸಿ ಗಣಕವನ್ನು ಮತ್ತೆ ಚಾಲೂ ಮಾಡಿದ್ದರೆ ಸಾಕಾಗುತ್ತಿತ್ತು! ಡಿ.ವಿ.ಡಿ. ಬಂದ ಮೇಲೆ ಮೈನಸ್, ಪ್ಲಸ್ ಎಂಬ ಎರಡು ಪಂಗಡಗಳು ಹುಟ್ಟಿದವು. ಮೊದಮೊದಲ ಡ್ರೈವುಗಳು ಒಂದನ್ನು ಒಪ್ಪಿದರೆ ಇನ್ನೊಂದನ್ನು ತಿರಸ್ಕರಿಸುತ್ತಿದ್ದವು. ಪೊಟ್ಟಣದ ಮೇಲೆ 4.7 ಜಿಬಿ ಎಂದಿದ್ದರೂ ಗಣಕದ ಲೆಕ್ಕದಲ್ಲಿ ಅದು 4.38 ಮಾತ್ರ ಎಂಬುದು ಕಡತಗಳೆಲ್ಲ ಹಿಡಿಸದೆ ಹೋದಾಗಲಷ್ಟೇ ತಿಳಿಯುತ್ತಿತ್ತು.

ಇವೆಲ್ಲ ಕಣ್ಣಿಗೆ ಕಾಣುವ ಸೋಲುಗಳು. ಕಾಣದ ಸೋಲಿನ ಸುಳಿವು ಸಿಗುತ್ತಿದ್ದದ್ದು ‘ಪವರ್ ಕ್ಯಾಲಿಬ್ರೇಷನ್ ಎರರ್’ ಎಂಬ ಸಂದೇಶದಲ್ಲಿ. ಬರೆಯುವ ಮುನ್ನ ಡ್ರೈವ್ ಸಿ.ಡಿ.ಯ ಒಳ ಅಂಚಿನಲ್ಲಿ ಸಣ್ಣ ಪರೀಕ್ಷೆ ನಡೆಸಿ, ಈ ಬಣ್ಣಕ್ಕೆ ಎಷ್ಟು ಶಕ್ತಿಯ ಕಿರಣ ಬೇಕೆಂದು ಅಳೆಯುತ್ತದೆ. ಬಣ್ಣ ಕಳಪೆಯಾಗಿದ್ದರೆ, ಮಸೂರಕ್ಕೆ ದೂಳು ಕೂತಿದ್ದರೆ, ಲೇಸರ್ ಸವೆದಿದ್ದರೆ ಆ ಅಳತೆ ಸಿಗದು. ಆಗ ಬೇರೆ ತಯಾರಿಕೆಯ ಖಾಲಿ ಸಿ.ಡಿ. ತಂದು, ವೇಗವನ್ನು ಮಧ್ಯಮಕ್ಕಿಳಿಸಿ ಪ್ರಯತ್ನಿಸಬೇಕು. ನಾವು ಮಾಡುತ್ತಿದ್ದದ್ದೇ ಬೇರೆ. ಅದೇ ಅಗ್ಗದ ಕಟ್ಟಿನ ಇನ್ನೊಂದನ್ನು ತುರುಕಿ, ಅದು ಹೇಗೋ ದಡ ಸೇರಿದರೆ ನಿಟ್ಟುಸಿರಿಡುತ್ತಿದ್ದೆವು. ಹೀಗೆ ಅಂಚಿನಲ್ಲಿ ಪಾರಾದ ಸಿ.ಡಿ.ಗಳೇ ಇಂದು ಮೊದಲು ಬಾಯಿ ಮುಚ್ಚುತ್ತಿರುವುದು.

‘ಬರವಣಿಗೆ ಯಶಸ್ವಿಯಾಗಿದೆ’ ಎಂದು ಗಣಕ ಹೇಳಿದಾಗ, ಲೇಸರ್ ಕೊನೆಯವರೆಗೆ ಸಾಗಿತು ಎಂದಷ್ಟೇ ಅರ್ಥ. ಬರೆದದ್ದು ಓದಲು ಬರುತ್ತದೆಯೇ ಎಂಬುದನ್ನು ತಾಳೆ ನೋಡಲು ‘ವೆರಿಫೈ’ ಎಂಬ ಆಯ್ಕೆಯಿತ್ತು. ಹೆಚ್ಚು ಸಮಯ ಹಿಡಿಯುತ್ತದೆಂದು ನಾವು ಅದನ್ನು ಗುರುತು ಹಾಕದೆ ಬಿಡುತ್ತಿದ್ದೆವು. ತಾಳೆ ನೋಡಿದರೂ ಪೂರ್ಣ ಭರವಸೆಯಿಲ್ಲ ಎಂಬುದು ಬೇರೆ ಮಾತು. ಸಿ.ಡಿ.ಯೊಳಗೆ ದೋಷ ತಿದ್ದುವ ಜಾಣ ಗಣಿತವೊಂದು ಅಡಗಿದೆ. ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಮಾಹಿತಿ ಅಳಿದರೂ ಅದು ಅಕ್ಕಪಕ್ಕದಿಂದ ಊಹಿಸಿ ತುಂಬಿಕೊಡಬಲ್ಲದು. ಆದ್ದರಿಂದಲೇ ಬಣ್ಣ ಮಾಸುತ್ತ ಬಂದರೂ ವರ್ಷಗಟ್ಟಲೆ ನಮಗೇನೂ ತಿಳಿಯುವುದಿಲ್ಲ. ತಿದ್ದುವ ಶಕ್ತಿ ಮೀರಿದ ದಿನ ಮಾತ್ರ ಕಡತ ಒಮ್ಮೆಲೇ ಇಲ್ಲವಾಗುತ್ತದೆ. ಗೋಡೆಯೊಳಗಿನ ಗೆದ್ದಲಿನ ಕಥೆಯೇ ಇಲ್ಲೂ.

ನನ್ನ ತಪ್ಪುಗಳನ್ನು ಈಗ ಗುರುತಿಸಬಲ್ಲೆ. ಹಾಡುಗಳನ್ನು ಕುಗ್ಗಿಸದೆ ವೇವ್ ಕಡತಗಳಾಗಿ ಇಟ್ಟಿದ್ದರಿಂದ 700 ಎಂಬಿ ಬಹುತೇಕ ತುಂಬಿ, ಕೊನೆಯ ಹಾಡುಗಳು ಹೊರ ಅಂಚಿಗೆ ಬಂದಿದ್ದವು. ಸಿ.ಡಿ.ಯ ಸುರುಳಿ ಒಳಗಿನಿಂದ ಹೊರಕ್ಕೆ ಸಾಗುವುದಷ್ಟೆ. ಬೆರಳು ತಾಗುವುದೂ ಅಲ್ಲೇ. 52 ಪಟ್ಟು ವೇಗದಲ್ಲಿ, ಎಂದರೆ ನಿಮಿಷಕ್ಕೆ ಸುಮಾರು 10 ಸಾವಿರ ಸುತ್ತು ತಿರುಗುವಾಗ, ಬರವಣಿಗೆಯ ವೇಗ ಗರಿಷ್ಠಕ್ಕೇರುವುದೂ ಅಲ್ಲೇ. ಮೇಲೆ ಕಾಗದ ಬೇರೆ ಅಂಟಿಸಿದ್ದೆ. ನಾವು ಜೋಪಾನ ಮಾಡುವುದು ಹೊಳೆಯುವ ಬದಿಯನ್ನು, ಆದರೆ ಸಿ.ಡಿ.ಯಲ್ಲಿ ಹೆಚ್ಚು ನಾಜೂಕಾದದ್ದು ಹೆಸರು ಬರೆಯುವ ಬದಿ. ಮಾಹಿತಿಯ ಪದರ ಇರುವುದು ಅಲ್ಲಿನ ತೆಳು ಲೇಪದ ಕೆಳಗೇ. ಅಂಟು ಕಾಗದ, ಬಾಲ್‌ಪೆನ್ನು ಬೇಡವೆಂದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ‘ನಿಸ್ಟ್’ 2003ರ ತನ್ನ ಕೈಪಿಡಿಯಲ್ಲೇ ಹೇಳಿತ್ತು. ನಾನು ಅಂಟಿಸಿದ್ದು 2005ರಲ್ಲಿ.

ಇಂಥ ಸಿ.ಡಿ. ನಿಮ್ಮಲ್ಲಿದ್ದರೆ ಮೊದಲು ಅಂಟಿದ ಕಾಗದವನ್ನು ಕೀಳುವ ಸಾಹಸ ಬೇಡ, ಅದರೊಂದಿಗೆ ಮಾಹಿತಿಯೂ ಕಿತ್ತು ಬಂದೀತು. ಹೊಳೆಯುವ ಬದಿಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ದುಂಡಗೆ ಒರೆಸಿದರೆ ಗೀರು ಸುರುಳಿಯ ಉದ್ದಕ್ಕೂ ಬಿದ್ದು, ದೋಷ ತಿದ್ದುವ ಗಣಿತವೇ ಸೋಲುತ್ತದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಆದುದರಿಂದ ಎರಡು ಮೂರು ಡ್ರೈವುಗಳಲ್ಲಿ, ಸಾಧ್ಯವಾದರೆ ಅದನ್ನು ಬರೆದ ಡ್ರೈವಿನಲ್ಲೇ, ನೋಡಬೇಕು. ಕಡತಗಳನ್ನು ಒಂದೊಂದಾಗಿ ಎಳೆಯುವ ಬದಲು ಇಡೀ ಸಿ.ಡಿ.ಯ ಪ್ರತಿಬಿಂಬ ತೆಗೆಯುವುದು ಲೇಸು. ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶ ಸುಲಭದ ಭಾಗಗಳನ್ನು ಮೊದಲು ನಕಲಿಸಿ, ಹಠಮಾರಿ ಭಾಗಗಳಿಗೆ ಮತ್ತೆ ಮತ್ತೆ ಮರಳುತ್ತದೆ. ಒಂದು ಡ್ರೈವಿನಲ್ಲಿ ಉಳಿದದ್ದನ್ನು ಇನ್ನೊಂದರಲ್ಲಿ ಮುಂದುವರಿಸಲೂ ಬರುತ್ತದೆ. ಹ್ಯಾಂಡಿಕ್ಯಾಮಿನ ಪುಟ್ಟ ಡಿ.ವಿ.ಡಿ. ‘ಖಾಲಿ’ ಎಂದು ಕಂಡರೆ ಗಾಬರಿಯಾಗಿ ಎಸೆಯದಿರಿ, ‘ಫೈನಲೈಸ್’ ಮಾಡದೆ ಉಳಿದದ್ದಿರಬಹುದು. ಹಳೆಯ ಕನ್ನಡ ಬರಹಗಳು ಸುರಕ್ಷಿತವಾಗಿ ಹೊರಬಂದರೂ ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣಬಹುದು. ಅವು ಯೂನಿಕೋಡ್‌ಗೆ ಮುನ್ನಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿದ್ದು, ಆ ಫಾಂಟ್ ಅಥವಾ ಪರಿವರ್ತಕ ಸಿಕ್ಕರೆ ಸರಿಯಾಗುತ್ತವೆ.

ಹೊರಬಂದದ್ದನ್ನು ಮತ್ತೊಂದು ಸಿ.ಡಿ.ಗೆ ಬರೆದು ನೆಮ್ಮದಿಯಾಗಿರುವಂತೆಯೂ ಇಲ್ಲ. ಈ ವಿದ್ಯೆಯನ್ನು ಕೊಟ್ಟ ತೈಯೋ ಯುಡೆನ್ ಸಂಸ್ಥೆಯೇ 2015ರಲ್ಲಿ ಸಿ.ಡಿ. ತಯಾರಿಕೆ ಕೈಬಿಟ್ಟಿತು. ಸೋನಿ ಸಂಸ್ಥೆ 2025ರ ಫೆಬ್ರುವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ಉತ್ಪಾದನೆ ನಿಲ್ಲಿಸಿತು. ಈಗಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಕಾಣಸಿಗುವುದೇ ಅಪರೂಪ. ಯುಎಸ್‌ಬಿ ಮೂಲಕ ಜೋಡಿಸುವ ಡ್ರೈವ್ ಕೊಳ್ಳಲು ಸಿಗುವಷ್ಟರಲ್ಲಿ ಎರಡು ಹಾರ್ಡ್ ಡಿಸ್ಕುಗಳಿಗೆ ನಕಲಿಸಿ, ಒಂದನ್ನು ಬೇರೆ ಮನೆಯಲ್ಲಿಡುವುದು ಸದ್ಯಕ್ಕೆ ನನಗೆ ತೋಚುವ ದಾರಿ.

ನೆರೆಮನೆಯವರ ಹಳೆಯ ಗಣಕವೊಂದನ್ನು ಕೇಳಿ ತಂದೆ. ಅದರ ಡ್ರೈವ್ ಒಂದು ಇಡೀ ರಾತ್ರಿ ತಡಕಾಡಿ 14, 15, 16ನೆಯ ಹಾಡುಗಳನ್ನು ಕೊಟ್ಟಿತು. ಹದಿನೇಳನೆಯದು ಬರಲಿಲ್ಲ. ಕಡತಗಳ ಪಟ್ಟಿ ಸಿ.ಡಿ.ಯ ಒಳಭಾಗದಲ್ಲಿರುವುದರಿಂದ ಹೆಸರೇನೋ ತೆರೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಆದರೆ ನಾನು ಅಂದು ಕೊಟ್ಟಿದ್ದ ಹೆಸರು ‘ಹಾಡು 17’ ಎಂದಷ್ಟೆ. ಅಜ್ಜಿ ಕೊನೆಗೆ ಹಾಡಿದ್ದು ಯಾವುದೆಂದು ಅಮ್ಮನನ್ನು ಕೇಳಿದೆ. ಹೆಣ್ಣೊಪ್ಪಿಸುವ ಹಾಡಿರಬೇಕು ಎಂದರು, ಖಚಿತವಾಗಿ ಹೇಳಲಾರೆ ಎಂದೂ ಸೇರಿಸಿದರು.